ಇನ್ನೂರ ಹದಿನಾಲ್ಕನೇ ಮಗ್ಗದ ಮಾಲಕ

ಅಥವಾ ತಪ್ಪು ತನ್ನದೇ ಇದ್ದೀತೇ? ಕಂಪ್ಯೂಟರಿಗೇನು, ಕೊಟ್ಟದ್ದನ್ನು ನುಂಗುತ್ತದೆ, ಸೇರದಿದ್ದರೆ ಉಗುಳುತ್ತದೆ. ಮಗ್ಗವನ್ನು ಮನುಷ್ಯ ಎಂದು ತೋರಿಸಿದ್ದೇ ಮೂಲದಲ್ಲಿ ತಪ್ಪಾಗಿದ್ದರೆ? ಆದರೆ ಮಗ್ಗವನ್ನು ಬಿಟ್ಟರೆ ಈ ಸಂಘದಲ್ಲಿ ಸದಸ್ಯ ಎನ್ನುವವನು ಬೇರೆ ಯಾರಿದ್ದಾನೆ? ಅಥವಾ ಇದು ತನ್ನ ಕೈಲಾಗದ ಕೆಲಸವೇ ಆಗಿದ್ದು, ಮೊದಲ ದಿನವೇ ಹಾಗೆಂದು ಹೇಳಿಬಿಡಬೇಕಿತ್ತೇ?

ಶ್ರೀಶೈಲ ಮತ್ತೊಮ್ಮೆ ಎಂಟರ್ ಒತ್ತಿದ. ಪರದೆಯ ಮೇಲೆ ಸಾಲುಗಳು ಸರಸರ ಓಡಿ ನಿಂತವು. ಮೊದಲ ಮಗ್ಗಕ್ಕೇ ತಕರಾರು. ಅಡ್ಡಹೆಸರು ಇಲ್ಲದ ಮನುಷ್ಯನನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು, ಉಳಿದದ್ದನ್ನೆಲ್ಲ ಅಲ್ಲಿಗೇ ಬಿಟ್ಟು ಅದು ಸುಮ್ಮನಾಯಿತು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಮೇಜಿನ ಕೆಳಗಿನ ಯುಪಿಎಸ್ಸು ಕುಂಯ್ ಕುಂಯ್ ಎನ್ನತೊಡಗಿತು. ಅದನ್ನೊಂದು ಒದೆಯಬೇಕೆನ್ನಿಸಿತು. ಒದೆಯಲಿಲ್ಲ. ಶ್ರೀಶೈಲ ಒದೆಯುವ ಜಾತಿಯವನಲ್ಲ. ಸಿಟ್ಟು ಬಂದರೆ ಬಾಯಿ ಮುಚ್ಚುತ್ತದೆ, ಅಷ್ಟೆ.

ಇಳಕಲ್ಲಿನ ನೇಕಾರರ ಸಂಘದ ಮಹಡಿಯ ಮೇಲಿನ ಕೋಣೆ ಅದು. ಒಂದು ಕಾಲಕ್ಕೆ ಬಣ್ಣದ ಡಬ್ಬಿಗಳನ್ನು ಇಡುತ್ತಿದ್ದರು. ಈಗ ಎರಡು ಕಂಪ್ಯೂಟರು, ಒಂದು ಫ್ಯಾನು, ಒಬ್ಬ ಶ್ರೀಶೈಲ. ಬಾಗಲಕೋಟೆಯ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಅಲ್ಲೇ ಬಸ್‌ಸ್ಟ್ಯಾಂಡಿನ ಎದುರಿನ ಕೇಂದ್ರದಲ್ಲಿ ಕಂಪ್ಯೂಟರ್ ಕಲಿತು ಬಂದ ನೇಕಾರರ ಹುಡುಗ ಅವನೊಬ್ಬನೇ ಆಗಿದ್ದರಿಂದ, ಸಂಘಕ್ಕೆ ಕಂಪ್ಯೂಟರು ಬಂದಾಗ ಅದರ ಜೊತೆಗೇ ಅವನನ್ನೂ ತಂದು ಕೂಡಿಸಿದರು. ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯ ಹೊತ್ತಿಗೆ ಸಂಘದ ನೂಲಿನ ಡಿಪೋಗಳು ಇಳಕಲ್, ಹುನಗುಂದ, ಕೆರೂರಿನಲ್ಲೂ, ಸೀರೆ ಮಾರುವ ಅಂಗಡಿಗಳು ಬಾಗಲಕೋಟೆ, ಬಾದಾಮಿಯಲ್ಲೂ ಇದ್ದವು. ಎಲ್ಲ ಕಡೆ ಒಂದೇ ಅಪ್ಲಿಕೇಶನ್ನು. ಹುಬ್ಬಳ್ಳಿಯ ಕಂಪನಿಯೊಂದು ಬರೆದುಕೊಟ್ಟದ್ದು. ಆದರೆ ಇಳಕಲ್ಲಿನಲ್ಲಿ ನೂಲು ಸಿಗುವ ಮಗ್ಗಕ್ಕೆ ಕೆರೂರಿನಲ್ಲಿ ಸಿಗುತ್ತಿರಲಿಲ್ಲ. ಕೆರೂರಿನ ಗುಮಾಸ್ತನಿಗೆ ಹುನಗುಂದದ ಪಾಸ್‌ವರ್ಡು ನಡೆಯುತ್ತಿರಲಿಲ್ಲ. ಅದಕ್ಕೆ ಮದ್ದೆಂದು ಈಗ ಎಲ್‌ಡ್ಯಾಪ್ ಎನ್ನುವ ಡೈರೆಕ್ಟರಿ ಬಂದಿತ್ತು.

ಅದು ಏನೆಂದು ಚೇರಮನ್ ಅಮೀನಪ್ಪನವರು ಕೇಳಿದಾಗ ಶ್ರೀಶೈಲ ಒಂದು ಗಿಡದ ಚಿತ್ರ ಬರೆದು ತೋರಿಸಿದ್ದ. ಬುಡ ಅಂದರೆ ಸಂಘ. ಟೊಂಗೆ ಅಂದರೆ ಊರು. ಎಲೆ ಅಂದರೆ ಒಬ್ಬ ಮನುಷ್ಯ. ಎಲೆಗೆ ತನ್ನ ವಿಳಾಸ ಟೊಂಗೆಯಿಂದ ಬುಡದವರೆಗೆ ಗೊತ್ತಿರುತ್ತದೆ. ಆಮೇಲೆ ಗುಂಪುಗಳು. ನೂಲು ಪಡೆಯುವವರದೊಂದು, ಸೀರೆ ಒಪ್ಪಿಸುವವರದೊಂದು. ಯಾರ ವಿಳಾಸ ಯಾವ ಗುಂಪಿನಲ್ಲಿದೆಯೋ ಅವರಿಗೆ ಆ ಬಾಗಿಲು ತೆರೆಯುತ್ತದೆ. ಅಪ್ಲಿಕೇಶನ್ನಿನೊಳಗಿನ ಸದಸ್ಯತ್ವದ ಮಾಹಿತಿಯನ್ನೆಲ್ಲ ಈ ಗಿಡಕ್ಕೆ ಹೊಂದಿಸಿ ಏರಿಸಬೇಕು. ಅಷ್ಟೇ ಕೆಲಸ.

“ಗಿಡಾ ಚಲೋ ಬರದೀ,” ಎಂದಿದ್ದರು ಅಮೀನಪ್ಪ. “ಕಾಯಿ ಯಾವಾಗ ಬಿಡ್ತೈತಿ?”

ಆ ಅಷ್ಟೇ ಕೆಲಸ ಅಲ್ಲಿಗೇ ನಿಂತುಬಿಟ್ಟಿತ್ತು. ಯಾಕೆಂದರೆ ಸಂಘ ಹುಟ್ಟಿದಾಗ ಹಿರಿಯರು ಒಂದು ಕಟ್ಟು ಮಾಡಿದ್ದರು, ಸದಸ್ಯ ಅಂದರೆ ಮಗ್ಗ ಎಂದು. ಮನುಷ್ಯ ಸಾಯುತ್ತಾನೆ, ಮಗಳು ಮದುವೆಯಾಗಿ ಹೋಗುತ್ತಾಳೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ ಎಲ್ಲಿಗೆ ಹೋದೀತು? ಅದಕ್ಕೇ ನೂಲು ಕೊಡುವುದು ಮಗ್ಗಕ್ಕೆ, ಸೀರೆ ತೆಗೆದುಕೊಳ್ಳುವುದು ಮಗ್ಗದಿಂದ. ನೂಲಿನ ಕಿಟಕಿಗೆ ಯಾರೇ ಬರಲಿ, ಹೆಸರು ಕೇಳುವ ಪದ್ಧತಿ ಇರಲಿಲ್ಲ. ಯಾವ ಮಗ್ಗ ಎನ್ನುತ್ತಿದ್ದರು, ಬಂದವರು ನಂಬರು ಹೇಳುತ್ತಿದ್ದರು. ಓಣಿಯಲ್ಲಿ ಜಗಳವಾದರೂ ನೂರಾ ಎಂಟಕ್ಕೂ ತೊಂಬತ್ತಕ್ಕೂ ಹತ್ತಿತು ಎನ್ನುವುದೇ ರೂಢಿ. ಒಂದೊಂದು ಮಗ್ಗಕ್ಕೂ ನಾಲ್ಕಾರು ಕೈಗಳು. ನೇಯುವ ಕೈ, ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುವ ಕೈ, ಕೊಂಡಿ ಹಾಕುವ ಕೈ. ಅವರ ಹೆಸರುಗಳೂ ಅಪ್ಲಿಕೇಶನ್ನಿನಲ್ಲಿದ್ದವು, ಆದರೆ ಮನೆಯ ಹಿತ್ತಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ, ಒಂದು ಮೂಲೆಯಲ್ಲಿ, ಅಡ್ಡಹೆಸರಿಲ್ಲದೆ.

ಡೈರೆಕ್ಟರಿಗೆ ಈ ಕಟ್ಟು ಗೊತ್ತಿಲ್ಲ. ಅದು ಬಾಗಿಲಲ್ಲೇ ನಿಂತು ಕೇಳುತ್ತದೆ, ನೀನು ಯಾರು? ಮಗ್ಗ ಎಂದರೆ ಒಳಗೆ ಬಿಡುವುದಿಲ್ಲ.

* * *

ಮನೆಯಲ್ಲಿ ಅಕ್ಕ ಮಹಾನಂದಾ ಕೊಂಡಿ ಹಾಕುತ್ತ ಕೂತಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆಗೆ ಕುಣಿಕೆ ಹಾಕಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಓಣಿಯಲ್ಲಿ ಉಳಿದವರೆಲ್ಲ ಇಬ್ಬರು ಕೂತು ಮಾಡುವ ಆ ಕೆಲಸವನ್ನು ಅವಳು ಒಬ್ಬಳೇ ಮಾಡುತ್ತಿದ್ದಳು. ಅವಳೇ ಕೊಂಡಿ ಕೈ, ಅವಳೇ ನೇಯುವ ಕೈ. ಅಪ್ಪ ಅಂದಾನಪ್ಪ ತೀರಿಕೊಂಡ ಮೇಲೆ ಇನ್ನೂರ ಹದಿನಾಲ್ಕನೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಅವಳೊಬ್ಬಳೇ. ಅವ್ವ ಶಿವಲಿಂಗವ್ವ ಕಂಡಿಕೆ ಸುತ್ತುತ್ತಿದ್ದಳು. ಶ್ರೀಶೈಲ ಸಾಲಿ ಓದುವಾಗ ಕಂಡಿಕೆ ಸುತ್ತಿದ್ದು ಬಿಟ್ಟರೆ ಲಾಳಿ ಹಿಡಿದವನೇ ಅಲ್ಲ.

“ಬಂದ್ಯಾ ಕಂಪ್ಯೂಟರ್ ಸಾಹೇಬಾ,” ಎಂದಳು ಮಹಾನಂದಾ, ಕಣ್ಣೆತ್ತದೆ. “ಇವತ್ತರ ನಿನ್ನ ಮಷೀನ ನಿನ್ನ ಮಾತ ಕೇಳ್ತೋ, ಇಲ್ಲ ಅದರ ಮಾತ ನೀ ಕೇಳಿ ಬಂದ್ಯೋ?”

“ಅಡ್ಡಹೆಸರು ಬೇಕಂತ ಅದಕ್ಕ.”

“ಯಾರ ಅಡ್ಡಹೆಸರು?”

“ಎಲ್ಲಾರದೂ. ಮಗ್ಗದ್ದೂ, ಅದರ ಕೈ ಅಷ್ಟೂ ಮಂದೀದೂ.” ಅವನು ಗೋಡೆಗೆ ಒರಗಿ ಕೂತ. “ಅಕ್ಕಾ, ನಿಂದೇನಂತ ಬರೀಲಿ?”

ಅವಳ ಕೈ ನಿಂತಿತು. ಅವಳನ್ನು ಕೊಟ್ಟದ್ದು ಕೆರೂರಿಗೆ. ಅಲ್ಲಿ ಏನಾಯಿತೆಂದು ಅವಳು ಹೇಳಲಿಲ್ಲ, ಮನೆಯವರು ಕೇಳಲಿಲ್ಲ. ಒಂದು ಸಂತೆಯ ದಿನ ಟ್ರಂಕು ಹೊತ್ತುಕೊಂಡು ಬಸ್ಸಿಳಿದವಳು ಮರುದಿನ ಬೆಳಿಗ್ಗೆ ಮಗ್ಗಕ್ಕೆ ಇಳಿದಿದ್ದಳು.

“ಅವರದು ಬ್ಯಾಡ,” ಎಂದಳು. ಆಮೇಲೆ ನಕ್ಕು, “ಮಗ್ಗದ ಅಂತ ಬರಿ. ಮಹಾನಂದಾ ಮಗ್ಗದ. ಚಲೋ ಕೇಳಸ್ತೈತಿಲ್ಲೋ?”

“ಚಾಷ್ಟಿ ಮಾಡಬ್ಯಾಡವಾ. ಕಂದಕೂರ ಅಂತನ ಬರೀತೇನಿ, ನಮ್ಮದ.”

“ಬರಿ.” ಮತ್ತೆ ಎಳೆಗಳಿಗೆ ಬಗ್ಗಿದಳು. ಒಂದಷ್ಟು ಕೊಂಡಿ ಹಾಕಿದ ಮೇಲೆ, ಅವ್ವ ನೀರಿಗೆ ಎದ್ದುಹೋದದ್ದನ್ನು ನೋಡಿಕೊಂಡು ಹೇಳಿದಳು. “ಶೈಲ್ಯಾ, ಹುನಗುಂದದಾಗ ಸಂಘದಾವ್ರು ಮನಿ ಕಟ್ಟಾಕತ್ತಾರಲ್ಲ, ಮುಂದ ಮಗ್ಗ, ಹಿಂದ ಖೋಲಿ. ಅವು ಸದಸ್ಯರಿಗೆ ಕೊಡ್ತಾರಂತ.”

“ಹೂಂ.”

“ನಿನ್ನ ಗಿಡದಾಗ ಈ ಮಗ್ಗಕ್ಕ ಯಾರ ಹೆಸರು ಬರ್ತೈತಿ, ಅವರ ಸದಸ್ಯರು ಅಂತ ಬಾಜೂ ಓಣಿ ಶಮಶಾದಬಿ ಹೇಳಿದ್ಲು. ಖರೆ ಏನು?”

“ಹಂಗ ಅಂತಾರ. ಇನ್ನಾ ಏನೂ ಆಗಿಲ್ಲ.”

“ನಂದು ಹಾಕ.” ಕೇಳಿದಂತಿರಲಿಲ್ಲ, ಹೇಳಿದಂತಿತ್ತು. “ಕಾರ್ತೀಕಕ್ಕ ನಿನ್ನ ಲಗ್ನ. ಶೀಲಾ ಬರ್ತಾಳ. ಆಕಿ ಚಲೋ ಹುಡುಗಿ, ನಾ ಏನೂ ಅನ್ನಂಗಿಲ್ಲ. ಆದ್ರ ಇರೂದು ಎರಡು ಖೋಲಿ, ಒಂದರಾಗ ಮಗ್ಗ. ನನಗೂ ಒಂದು ಬಾಗಲಾ, ಒಂದು ಕೀಲಿ ಬೇಕನಸ್ತೈತಿ. ಅಷ್ಟ.”

ಶ್ರೀಶೈಲನಿಗೆ ಹೌದು ಎನ್ನಬೇಕೆನ್ನಿಸಿತು. ಹೌದು ಎಂಬ ಮಾತು ಗಂಟಲವರೆಗೆ ಬಂದು, ಅಲ್ಲಿ ಬೇರೆ ಮಾತಾಯಿತು.

“ನೋಡ್ತೇನಿ ಅಕ್ಕಾ. ಮಷೀನ ಒಪ್ಪಬೇಕು.”

* * *

ಆ ಮಾತು ಹೇಳಿದ ಮೇಲೆ ಅದನ್ನು ನಿಜ ಮಾಡುವ ಹಟ ಅವನಿಗೆ ಹಿಡಿಯಿತು. ಮಷೀನನ್ನು ಒಪ್ಪಿಸಿದರೆ ಯಾರನ್ನೂ ಒಪ್ಪಿಸುವ ಪ್ರಸಂಗವೇ ಬರುವುದಿಲ್ಲ. ಪರದೆಯ ಮೇಲೆ ಮಹಾನಂದಾ ಎಂದು ಬಂದುಬಿಟ್ಟರೆ ಅದನ್ನು ಪ್ರಶ್ನಿಸುವ ಧೈರ್ಯ ಸಂಘದಲ್ಲಿ ಯಾರಿಗಿದೆ? ಕಂಪ್ಯೂಟರ್ ಹೇಳಿತು ಅಂದರೆ ಅಮೀನಪ್ಪನವರೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ದಾರಿ ಹೊಳೆದದ್ದು ಬಾದಾಮಿಗೆ ಹೋಗುವ ಬಸ್ಸಿನಲ್ಲಿ. ಮಗ್ಗವನ್ನು ಮನುಷ್ಯ ಮಾಡಲು ಹೋದದ್ದೇ ಹುಚ್ಚು. ಮಗ್ಗ ಒಂದು ಗುಂಪು. ಕೈಗಳು ಮನುಷ್ಯರು. ಪ್ರತಿ ಕೈಗೂ ಗಿಡದಲ್ಲಿ ಒಂದು ಎಲೆ, ಪ್ರತಿ ಮಗ್ಗಕ್ಕೂ ಒಂದು ಗುಂಪು, ಆ ಗುಂಪಿನಲ್ಲಿ ಅದರ ಕೈಗಳ ವಿಳಾಸ. ಇಷ್ಟು ಸರಳವಾದದ್ದಕ್ಕೆ ಇಷ್ಟು ದಿನ ತಲೆ ಚಚ್ಚಿಕೊಂಡೆನಲ್ಲ ಎಂದು ಅವನಿಗೆ ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು.

ಆದರೆ ಕೈಗಳ ಹೆಸರು ಸರಿಯಾಗಬೇಕಲ್ಲ. ಅದಕ್ಕಾಗಿ ಊರೂರು ತಿರುಗಿದ. ಬಾಗಲಕೋಟೆಯ ಮಗ್ಗಗಳು ಅಣೆಕಟ್ಟಿನ ಹಿನ್ನೀರು ಬಂದಾಗ ನವನಗರಕ್ಕೆ ಎದ್ದುಹೋಗಿದ್ದವು. ಅಪ್ಲಿಕೇಶನ್ನಿನಲ್ಲಿ ಇನ್ನೂ ಮುಳುಗಿದ ಓಣಿಯಲ್ಲೇ ನೇಯುತ್ತಿದ್ದವು. ಕೆರೂರಿನಲ್ಲಿ ಗುಮಾಸ್ತ ಎಲ್ಲ ಹೆಂಗಸರಿಗೂ ಒಂದೇ ಅಡ್ಡಹೆಸರು ತುಂಬಿ ಕಳಿಸಿದ್ದ. ಯಾಕೆಂದು ಕೇಳಿದರೆ, “ಎಲ್ಲಾರೂ ಒಂದ ಓಣಿಯಾವ್ರರಿ, ಬ್ಯಾರೆ ಬ್ಯಾರೆ ಯಾಕ?” ಎಂದ. ಐಹೊಳೆಯ ದಾರಿಯಲ್ಲಿ ಒಂದು ಮನೆಯ ಮಗ್ಗವನ್ನು ಕಿತ್ತು ಆ ಕುಣಿಯಲ್ಲಿ ಜೋಳದ ಚೀಲ ಇಟ್ಟಿದ್ದರು. ಡೈರೆಕ್ಟರಿ ಖಾಲಿ ಗುಂಪನ್ನು ಒಪ್ಪುವುದಿಲ್ಲ, ಒಬ್ಬರಾದರೂ ಒಳಗಿರಬೇಕು. ಆ ಮಗ್ಗಕ್ಕೆ ಯಾರನ್ನು ಹಾಕಲಿ ಎಂದು ಕೇಳಿದ್ದಕ್ಕೆ ಮನೆಯ ಮುದುಕಿ ಗುರುಲಿಂಗವ್ವ, “ಇಲಿ ಅದಾವ, ಬರಕೋ,” ಎಂದಳು.

ತಿರುಗಿ ಬಂದು ಹೆಸರು ಏರಿಸಿದ. ಬಿತ್ತು. ಸರಿಪಡಿಸಿ ಏರಿಸಿದ. ಮತ್ತೆಲ್ಲೋ ಒಂದು ಕಡೆ ಬಿತ್ತು. ಒಂದು ಕಡೆ ಎಳೆ ಕಟ್ಟಿದರೆ ಇನ್ನೊಂದು ಕಡೆ ಹರಿಯುತ್ತಿತ್ತು. ಊಟಕ್ಕೆ ಕೂತರೂ ತಪ್ಪಿನ ಸಾಲುಗಳು ಕಣ್ಣ ಮುಂದೆ ಓಡುತ್ತಿದ್ದವು. ಅವ್ವ ರೊಟ್ಟಿ ಹಾಕಿ, ಸಾಕೇನೋ ಎಂದು ಕೇಳುವಷ್ಟರಲ್ಲಿ ಎದ್ದು ಕೈ ತೊಳೆದಿರುತ್ತಿದ್ದ.

ಕಡೆಗೊಂದು ಮಧ್ಯಾಹ್ನ ಎಲ್ಲವೂ ಏರಿತು. ತಕರಾರಿಲ್ಲದೆ. ಅವನು ಇನ್ನೂರ ಹದಿನಾಲ್ಕನ್ನು ತೆಗೆದು ನೋಡಿದ. ಎರಡು ಹೆಸರು ಕಂಡವು. ಮಹಾನಂದಾ ಕಂದಕೂರ, ನೇಯುವ ಕೈ. ಶಿವಲಿಂಗವ್ವ ಕಂದಕೂರ, ಕಂಡಿಕೆ ಕೈ. ಅಪ್ಪ ಹೋದಾಗಿನಿಂದ ತನ್ನ ಮನೆಯಲ್ಲಿ ನಡೆಯುತ್ತಿದ್ದದ್ದನ್ನು ಯಾರೋ ಮೊದಲ ಬಾರಿಗೆ ನೋಡಿ ಬರೆದಂತಿತ್ತು. ಆ ಎರಡು ಸಾಲುಗಳನ್ನು ನೋಡುತ್ತ ಅವನು ಬಹಳ ಹೊತ್ತು ಕೂತ. ಆದರೆ ಗುಂಪಿಗೆ ಮಾಲಕ ಎನ್ನುವ ಇನ್ನೊಂದು ಸ್ಥಾನವಿತ್ತು. ಹಾಕಿದರೆ ಹಾಕಬಹುದು, ಬಿಟ್ಟರೆ ಬಿಡಬಹುದು. ಅಲ್ಲಿ ನೇಯುವ ಕೈಯ ಹೆಸರು ತಾನಾಗಿ ಕೂಡುವ ಹಾಗೆ ಅವನು ಮೊದಲೇ ಒಂದು ಸಾಲು ಬರೆದಿಟ್ಟಿದ್ದ.

* * *

ಅಮೀನಪ್ಪನವರ ಕೋಣೆಯಲ್ಲಿ ಹುಬ್ಬಳ್ಳಿಯ ಶಂಭು ಲ್ಯಾಪ್‌ಟಾಪು ತೆರೆದು ಕೂತಿದ್ದ. ಅಪ್ಲಿಕೇಶನ್ನು ಬರೆದ ಕಂಪನಿಯ ಹುಡುಗ. ಚುರುಕು. ಎಲ್ಲರಿಗೂ ಸರ್ ಎನ್ನುತ್ತಿದ್ದ, ಚಹಾ ತರುವವನಿಗೂ. ಶ್ರೀಶೈಲ ಒಂದೊಂದೇ ಮಗ್ಗ ತೆರೆದು ತೋರಿಸಿದ. ಚೇರಮನ್ನರು ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಓದಿದರು.

“ಭಾಳ ಚಲೋ ಮಾಡೀಯಪಾ,” ಎಂದರು. “ಆದ್ರ ಇದರಾಗ ಬರೇ ಕೈ ಕಾಣಾಕತ್ತಾವ. ತಲಿ ಎಲ್ಲೈತಿ?”

“ತಲಿ ಅಂದ್ರರೀ?”

“ಮಾಲಕಾ. ಇಲ್ಲಿ ನೋಡ, ಹುಲ್ಲಪ್ಪನ ಮಗ್ಗಕ್ಕ ಹುಲ್ಲಪ್ಪನ ಹೆಣ್ತಿ ಮಾಲಕಾ ಅಂತೈತಿ. ಇಲ್ಲಿ ಸೊಸಿ. ಇಲ್ಲಿ ಯಾರೋ ಅಕ್ಕನ ಮಗಳು. ಏನಿದು, ಸಂಘ ಐತೋ ಅರಿಷಿಣ ಕುಂಕುಮ ಐತೋ?”

ಶಂಭು ನಕ್ಕ. ಶ್ರೀಶೈಲ ಈ ಪ್ರಶ್ನೆಗೆ ಬಸ್ಸಿನಲ್ಲಿ, ಜಳಕದ ಮನೆಯಲ್ಲಿ, ಹಾಸಿಗೆಯಲ್ಲಿ ಉತ್ತರ ಕಟ್ಟಿ ಇಟ್ಟುಕೊಂಡಿದ್ದ.

“ಮಾಲಕ ಅಂತ ಹಾಕಬೇಕಂದ್ರ ಅವರು ಆ ಮಗ್ಗದ ಕೈಯೊಳಗ ಒಬ್ಬರಿರಬೇಕ್ರಿ. ಹುಲ್ಲಪ್ಪನವರು ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಗೆ ಹೋಗಾಕ ಹತ್ತಿ ಭಾಳ ವರ್ಷಾತು. ಮಗ್ಗಕ್ಕ ಕುಂಡ್ರೂದಿಲ್ಲ. ಅವರ ಹೆಸರು ಗಿಡದಾಗ ಇಲ್ರಿ. ಮಷೀನ ಒಪ್ಪಂಗಿಲ್ಲ.”

“ಮಗ್ಗ ಅವರಪ್ಪ ತಂದಿಟ್ಟದ್ದಲೇ.”

“ಹೌದ್ರಿ. ಆದ್ರ ಮಷೀನ—”

“ಹೆಣ್ಣಮಕ್ಕಳು ಇವತ್ತ ಇಲ್ಲಿ, ನಾಳಿ ಗಂಡನ ಮನ್ಯಾಗ. ಹೋಗೂಮುಂದ ಮಗ್ಗಾ ಸೆರಗಿನ್ಯಾಗ ಕಟಗೊಂಡು ಹೋಗ್ತಾರೇನು? ಹಿರ್ಯಾರು ಮಗ್ಗ ಅಂತ ಯಾಕ ಬರದ್ರು ತಿಳಕೋ. ಮನಿತನ ಹರೀಬಾರದು ಅಂತ.” ಅಮೀನಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗನಿಗೆ ತಿಳಿಸಿ ಹೇಳುವಂತಿತ್ತು. “ಮೀಟಿಂಗಿಗೆ ಯಾರನ್ನ ಕರೀಲಿ? ಹುನಗುಂದದ ಮನಿ ಯಾರ ಹೆಸರಿಗೆ ಬರೀಲಿ? ನಾಳಿ ಆಕಿ ಗಂಡ ಬಂದು ಕೀಲಿ ಹಾಕ್ಕೊಂಡು ಕುಂತ್ರ?”

ಇದಕ್ಕೆ ಉತ್ತರವಿತ್ತು. ಅದನ್ನು ಶ್ರೀಶೈಲ ಕಟ್ಟಿ ಇಟ್ಟುಕೊಂಡಿರಲಿಲ್ಲ. ಕೈಗೆ ಸಿಕ್ಕದ್ದು ಹಳೆಯದೇ.

“ನೀವು ಹೇಳೂದು ಬರೋಬ್ಬರಿ ಐತ್ರಿ. ಆದ್ರ ಇದು ಮಷೀನಿನ ನಿಯಮ. ನಾ ಏನೂ ಮಾಡಾಕ ಬರೂದಿಲ್ಲ.”

ಚೇರಮನ್ನರು ಹಿಂದಕ್ಕೆ ಒರಗಿದರು. ಕನ್ನಡಕ ತೆಗೆದರು. ಒರೆಸತೊಡಗಿದರು. ಶ್ರೀಶೈಲನ ಎದೆ ಹಗುರಾಗತೊಡಗಿತು. ಆಗ ಶಂಭು ತಲೆ ಎತ್ತಿ, ಏನೂ ಕೆಟ್ಟ ಮನಸ್ಸಿಲ್ಲದೆ, ಸಹಾಯ ಮಾಡುವವನ ಉತ್ಸಾಹದಲ್ಲಿ ಕೇಳಿದ.

“ಯಾಕ ಒಪ್ಪಂಗಿಲ್ಲ ಸರ್? ಮಾಲಕಗ ವಿಳಾಸ ಒಂದ ಇದ್ರ ಸಾಕು. ಗುಂಪಿನ್ಯಾಗ ಇರಬೇಕಂತ ಏನಿಲ್ಲ.”

“ಅವರಿಗೆ ಎಲೀನ ಇಲ್ಲಲ್ಲ.”

“ಹಚ್ಚೂಣಲ್ಲ ಸರ್. ನಿಮ್ಮ ಕಡೆ ಮಗ್ಗಕ್ಕ ರೊಕ್ಕಾ ತುಂಬಿದ ಷೇರುದಾರರ ಹಳೇ ಫೈಲ್ ಐತಿ. ಅದರಾಗಿನ ಗಂಡಸರ ಹೆಸರು ತಗೊಂಡು ಎಲಿ ಮಾಡೂದು, ತೀರಿಕೊಂಡವರಿದ್ರ ಮಗನ ಹೆಸರು. ಆಮ್ಯಾಲೆ ಮಗ್ಗದ ನಂಬರಿಗೆ ಜೋಡಸೂದು. ಅರ್ಧಾ ಕಪ್ ಚಾದ ಕೆಲಸ.”

ಹಾಗೇ ಆಯಿತು. ಊರೂರು ತಿರುಗಿ ಕಟ್ಟಿದ ಗೋಡೆಯನ್ನು ಶಂಭು ಚಹಾ ಆರುವುದರೊಳಗೆ ದಾಟಿದ. ಅವನ ಬೆರಳುಗಳು ಟಪಟಪ ಓಡುವುದನ್ನು ಶ್ರೀಶೈಲ ನೋಡುತ್ತ ನಿಂತ. ಈ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವಂತಿರಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ತನ್ನ ನಿಯಮದಲ್ಲಿ.

“ಆತ್ ನೋಡ್ರಿ,” ಎಂದ ಶಂಭು. ಅಮೀನಪ್ಪನವರು ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದರು. ಹುಲ್ಲಪ್ಪ ಬಂದಿದ್ದ. ಸೊಸೆಯ ಜಾಗಕ್ಕೆ ಮಾವ ಬಂದಿದ್ದ. ಇನ್ನೂರ ಹದಿನಾಲ್ಕಕ್ಕೆ ಬಂದಾಗ ಅವರು ಚಪ್ಪಾಳೆ ತಟ್ಟಿದರು.

“ಏ ಶಾಬಾಸ್! ಶ್ರೀಶೈಲ ಅಂದಾನಪ್ಪ ಕಂದಕೂರ! ಲೇ, ನಿನ್ನ ಗಿಡದಾಗ ನೀನ ಬಿಟ್ಟೀಯಲ್ಲೋ ಕಾಯಿ. ಬಾಯಿ ಸಿಹಿ ಮಾಡಸೋ ಮಗನ!”

ಶಂಭುವೂ ನಕ್ಕು ಕೈ ಕುಲುಕಿದ. ಶ್ರೀಶೈಲ ನಗಲಿಲ್ಲ. ಅದನ್ನು ಗಮನಿಸಿದವರು ಅಮೀನಪ್ಪನವರೇ. ನಗು ನಿಲ್ಲಿಸಿ ಅವನ ಮುಖ ನೋಡಿದರು. ಸಂಘ ನಡೆಸಿ ನಡೆಸಿ ಮನುಷ್ಯರ ಮುಖ ಓದುವುದು ಅವರಿಗೆ ರೂಢಿಯಾಗಿತ್ತು.

“ಶ್ರೀಶೈಲಪ್ಪಾ, ಮಷೀನಿನ ತಕರಾರ ಮುಗೀತು,” ಎಂದರು, ಮೆತ್ತಗೆ. “ನಿಂದೇನರ ಐತೇನು? ಇದ್ರ ಹೇಳ. ಇಲ್ಲಿ ನಾವ ಅದೀವಿ.”

ಫ್ಯಾನು ತಿರುಗುತ್ತಿತ್ತು. ಹೊರಗೆ ನೂಲಿನ ಕಿಟಕಿಯ ಮುಂದೆ ಯಾರೋ ನಂಬರು ಕೂಗಿದರು. ಅಮೀನಪ್ಪನವರು ಕಾದರು. ಬೇಕಾದ್ದಕ್ಕಿಂತ ಹೆಚ್ಚೇ ಕಾದರು.

“ಇಲ್ರಿ,” ಎಂದ ಶ್ರೀಶೈಲ.

* * *

ಹೊಸ ವ್ಯವಸ್ಥೆ ಶುರುವಾದ ಮೇಲೆ ಮಹಾನಂದಾ ನೂಲಿಗೆ ಬಂದಾಗ ಶ್ರೀಶೈಲ ಕಿಟಕಿಯ ಒಳಗೇ ಇದ್ದ, ಪ್ರಿಂಟರು ಸರಿ ಮಾಡುತ್ತ. ಅವಳ ಹಿಂದೆ ಶಮಶಾದಬಿ ನಿಂತಿದ್ದಳು. ಪಕ್ಕದ ಓಣಿಯ ಮಗ್ಗದ ಕೊಂಡಿ ಕೈ ಅವಳು. ಸಂಘದ ಸುದ್ದಿಯೆಲ್ಲ ಮೊದಲು ಅವಳಿಗೆ, ಆಮೇಲೆ ನೋಟಿಸು ಬೋರ್ಡಿಗೆ.

ಮಹಾನಂದಾ ನಂಬರು ಹೇಳಿದಳು. ನೂಲು ಬಂತು. ಅಷ್ಟರಮಟ್ಟಿಗೆ ಏನೂ ಬದಲಾಗಿರಲಿಲ್ಲ. ಗುಮಾಸ್ತ ಪರದೆಯನ್ನು ಅವಳತ್ತ ತಿರುಗಿಸಿ, ಹೆಸರು ಸರಿ ಇದೆಯೇ ನೋಡಿ ಸಹಿ ಮಾಡಲು ಹೇಳಿದ. ಅವಳು ಓದಿದಳು. ತನ್ನ ಹೆಸರನ್ನು ಮೊದಲು ಓದಿದಳು, ಆಮೇಲೆ ಅದರ ಮೇಲಿನ ಸಾಲನ್ನು.

“ಏನ ಬರದೈತೇ?” ಎಂದಳು ಶಮಶಾದಬಿ, ಹೆಗಲ ಮೇಲಿಂದ ಇಣುಕಿ. “ಮಾಲಕ ಯಾರಂತ? ಅಯ್ಯ, ನಿನ್ನ ತಮ್ಮಾನ! ಇವಾ ಲಾಳಿ ಹಿಡದದ್ದು ಯಾವಾಗ ನೋಡಿದ್ಯವಾ?”

“ನಿಮ್ಮ ಮಗ್ಗಕ್ಕ ಯಾರ ಬಂದಾರ?”

“ನಮ್ಮ ಮಾವ. ಪಾಪ, ಸತ್ತ ಎರಡ ವರ್ಷಾತು, ಫೈಲಿನ್ಯಾಗ ಇನ್ನಾ ಜೀವಂತ ಅದಾರ. ಅವರೂ ಲಾಳಿ ಹಿಡದಿದ್ದಿಲ್ಲ ಬಿಡ. ಸತ್ತಾವ್ರು ಕೆಲಸಾ ಮಾಡೂದ ಕಡಿಮಿ.”

ಸರತಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಮಹಾನಂದಾಳೂ ನಕ್ಕಳು. ನಗುತ್ತಲೇ ಶ್ರೀಶೈಲನ ಕಡೆ ನೋಡಿದಳು, ನಗು ಮುಗಿದ ಮೇಲೂ ನೋಡಿದಳು. ಅವನು ಪ್ರಿಂಟರಿನ ಕಾಗದ ಬಿಚ್ಚಿ ಮತ್ತೆ ಹಾಕಿದ. ಅವಳು ಸಹಿ ಮಾಡಿ ನೂಲಿನ ಗಂಟು ಎತ್ತಿಕೊಂಡು ಹೋದಳು.

ಸಂಜೆ ಎಲ್ಲರೂ ಹೋದ ಮೇಲೆ ಶ್ರೀಶೈಲ ಡೈರೆಕ್ಟರಿ ತೆರೆದು ತನ್ನ ಹೆಸರು ತೆಗೆದು ಅಕ್ಕನದು ಹಾಕಿದ. ಒಂದೇ ಸಾಲು. ಎಷ್ಟು ಸಲೀಸಾಗಿತ್ತೆಂದರೆ, ಇಷ್ಟಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಿತು. ಬೆಳಿಗ್ಗೆ ಬಂದು ನೋಡಿದರೆ ಮತ್ತೆ ಶ್ರೀಶೈಲ ಅಂದಾನಪ್ಪ ಕಂದಕೂರ. ದಿನವೂ ಆಫೀಸು ಮುಚ್ಚಿದ ಮೇಲೆ ಷೇರುದಾರರ ಫೈಲಿನಿಂದ ಮಾಲಕರ ಹೆಸರುಗಳನ್ನು ಹೊಸದಾಗಿ ತುಂಬುವಂತೆ ಶಂಭು ಮಾಡಿಟ್ಟಿದ್ದ. ಮೂಲ ಅಲ್ಲಿತ್ತು. ಇಲ್ಲಿ ತಿದ್ದಿದ್ದು ಒಂದು ಸಂಜೆಯ ಬಾಳಿಕೆಯದು. ಮರುದಿನವೂ ತಿದ್ದಿದ. ಅದರ ಮರುದಿನವೂ. ಬೆಳಗಾದರೆ ತನ್ನ ಹೆಸರು, ಕೊರಳಿಗೆ ಬಿದ್ದ ಹಾರದ ಹಾಗೆ. ಒಂದು ಬೆಳಿಗ್ಗೆ ಅವನು ಬಾಗಿಲು ಹಾಕಿಕೊಂಡು ಯುಪಿಎಸ್ಸನ್ನು ನಿಜಕ್ಕೂ ಒದ್ದ. ಹೆಬ್ಬೆರಳು ಬಾತಿತು. ಯುಪಿಎಸ್ಸಿಗೆ ಏನೂ ಆಗಲಿಲ್ಲ.

ಫೈಲನ್ನು ಬದಲಿಸಬೇಕೆಂದರೆ ಚೇರಮನ್ನರ ಸಹಿ ಬೇಕು. ಸಹಿ ಬೇಕೆಂದರೆ ಕೆಳಗಿಳಿದು, ಅವರ ಕೋಣೆಗೆ ಹೋಗಿ, ಬಾಯಿ ತೆರೆಯಬೇಕು. ಮೆಟ್ಟಿಲ ತುದಿಯವರೆಗೆ ಅವನು ಎಷ್ಟೋ ಸಲ ಹೋದ. ಒಮ್ಮೆ ಬಾಗಿಲವರೆಗೂ ಹೋದ. ಒಳಗಿಂದ ಅಮೀನಪ್ಪನವರು, “ಏನಪಾ?” ಎಂದರು. ಕರೆಂಟು ಯಾವಾಗ ಬರುತ್ತದೆಂದು ಕೇಳಿ ಬಂದ.

ಹುನಗುಂದದ ಮನೆಗಳು ದಸರೆಯ ಹೊತ್ತಿಗೆ ಮುಗಿದವು. ಮಾಲಕರ ಹೆಸರಿಗೆ ಅರ್ಜಿ ಕರೆದರು. ಅಮೀನಪ್ಪನವರು ತಾವೇ ಕರೆದು ಹೇಳಿದರು. ಲಗ್ನ ಆಗುವ ಹುಡುಗ ನೀನು, ಒಂದು ಅರ್ಜಿ ಬರೆದುಬಿಡು, ಗಂಡ ಹೆಂಡತಿ ಹುನಗುಂದದಲ್ಲಿ ಹಾಯಾಗಿರಿ ಎಂದು. ಶ್ರೀಶೈಲ ಅರ್ಜಿ ಹಾಕಲಿಲ್ಲ. ಅದನ್ನೇ ತನ್ನ ಪಾಲಿನ ದೊಡ್ಡಸ್ತಿಕೆ ಎಂದು ಕೆಲವು ದಿನ ಅಂದುಕೊಂಡ. ಮನೆ ಬೇರೆ ಯಾರಿಗೋ ಹೋಯಿತು.

ಅರ್ಜಿಯ ದಿನಾಂಕ ಮುಗಿದ ಸಂಜೆ ಮಹಾನಂದಾ ಮಗ್ಗದಲ್ಲಿದ್ದಳು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಶ್ರೀಶೈಲ ಚಪ್ಪಲಿ ಬಿಟ್ಟು ಒಳಗೆ ಬಂದು, ಮಗ್ಗದ ಪಕ್ಕ ನಿಂತ. ಏನಾದರೂ ಹೇಳಲೇಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ.

“ಅಕ್ಕಾ, ಆ ಹೆಸರಿಂದು...”

“ಬಿಡೋ,” ಎಂದಳು ಅವಳು. ಲಾಳಿ ಆ ಕಡೆಯಿಂದ ಈ ಕಡೆ ಬಂತು. ಹಲಗೆ ಬಡಿದಳು. “ಮಷೀನ ಒಪ್ಪಲಿಲ್ಲ ಅಂದ್ರ ನೀ ಏನ ಮಾಡ್ತಿ? ಮನಸಿಗೆ ಭಾಳ ಹಚಗೋಬ್ಯಾಡ. ನಿನ್ನ ಮಾರಿ ನೋಡೂಹಂಗ ಇಲ್ಲ ಇತ್ತಿತ್ಲಾಗ. ಲಗ್ನದಾಗ ಫೋಟೋ ಹೆಂಗ ಬರಬೇಕು?”

ಅವಳು ಅದನ್ನು ನಂಬಿದ್ದಳೋ, ಅವನಿಗಾಗಿ ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಅವಳ ಬೆನ್ನು ಅವನ ಕಡೆಗಿತ್ತು. ಕೇಳಿದ್ದರೆ ತಿಳಿಯುತ್ತಿತ್ತು.

ಕಾರ್ತೀಕದಲ್ಲಿ ಲಗ್ನವಾಯಿತು. ಶೀಲಾ ಬಂದಳು. ಮಹಾನಂದಾ ತನ್ನ ಹಾಸಿಗೆಯನ್ನು ಮಗ್ಗದ ಖೋಲಿಗೆ ತಂದುಕೊಂಡಳು. ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಪಕ್ಕದಲ್ಲಿ ಮಲಗಿದಳು. ಶಂಭು ಇನ್ನೂ ಎರಡು ಸಲ ಬಂದುಹೋದ. ಅಮೀನಪ್ಪನವರು ಇನ್ನೊಂದು ಅವಧಿಗೆ ಚೇರಮನ್ ಆದರು, ಕಂಡಾಗಲೆಲ್ಲ ಬೆನ್ನು ತಟ್ಟಿದರು. ಮಾತಾಡಲು ಅವಕಾಶ ಸಿಗಲಿಲ್ಲ ಎನ್ನುವ ಹಾಗಿರಲಿಲ್ಲ.

ಆ ಮಗ್ಗ ತನ್ನದಲ್ಲ, ಅಕ್ಕನದು ಎಂದು ಶ್ರೀಶೈಲ ಅವರಿಗೆ ಎಂದೂ ಹೇಳಲಿಲ್ಲ.